ಹತ್ತೊಂಬತ್ತರಿಂದ ಭಾಗಿಸಿದ ಡಾರ್ಜಿಲಿಂಗ್

ನಮ್ಮ ಸೋದರಮಾವನ ಮನೆ ಮಲ್ಲೇಶ್ವರದಲ್ಲಿದೆ. ಆ ಮನೆಯ ಟೆರೇಸಿನ ಮೇಲೆ ಒಂದು ರೈಲು ಓಡುತ್ತದೆ. ಬ್ಯಾಟರಿ ಹಾಕಿದ ಆಟಿಕೆ ಅಂದ್ಕೋಬೇಡಿ. ಇದಕ್ಕೆ ಬಾಯ್ಲರ್ ಇದೆ. ನೀರು ತುಂಬಿಸಬೇಕು, ಬೆಂಕಿ ಹಚ್ಚಬೇಕು, ಉಗಿ ಏಳುವವರೆಗೆ ಕಾಯಬೇಕು. ಆಮೇಲೆ ಒಂದಡಿ ಉದ್ದದ ಆ ಎಂಜಿನ್ನು ತುಳಸಿಕಟ್ಟೆ, ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಹಾಕುವ ತಂತಿಯ ಕಂಬ ಎಲ್ಲವನ್ನೂ ಸುತ್ತಿ ಬರುತ್ತದೆ. ಮಾವ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಇದನ್ನು ಇಂಗ್ಲೆಂಡಿನಿಂದ ತರಿಸಿದರು. ಎಷ್ಟಾಯ್ತು ಅಂತ ಅತ್ತೆ ಇವತ್ತಿಗೂ ಕೇಳಿಲ್ಲ. ಕೇಳದೇ ಇರುವುದೇ ಒಳ್ಳೇದು ಅಂತ ಮಾವನೂ ಸುಮ್ಮನಿದ್ದಾರೆ.

ಎಂಜಿನ್ನು ಯಾವುದು ಅಂತ ನೋಡಿದ ಕೂಡಲೇ ಹೇಳಬಹುದು. 'ಆರಾಧನಾ' ಸಿನಿಮಾದಲ್ಲಿ ರಾಜೇಶ್ ಖನ್ನಾ ಜೀಪಿನಲ್ಲಿ ಹಾಡುತ್ತಾ ಹೋಗುವಾಗ ಪಕ್ಕದಲ್ಲೇ ಓಡುವ ಪುಟ್ಟ ರೈಲು ನೆನಪಿದೆಯಲ್ಲ? ಅದೇ, ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ. ಅದರ 'ಬಿ ಕ್ಲಾಸ್' ಎಂಜಿನ್ನಿನ ಮಾದರಿ ಇದು. ಅಳತೆ 1:19. ಅಂದರೆ ಅಸಲಿನಲ್ಲಿ 19 ಇಂಚು ಇದ್ದದ್ದು ಇಲ್ಲಿ ಒಂದು ಇಂಚು.

ಹತ್ತೊಂಬತ್ತೇ ಯಾಕೆ? ಇಪ್ಪತ್ತು ಅಂತ ಮಾಡಿದ್ದರೆ ಲೆಕ್ಕ ಸುಲಭವಾಗುತ್ತಿತ್ತಲ್ಲ? ಮಾವನಿಗೆ ಈ ಪ್ರಶ್ನೆ ಕೇಳಿದರೆ ಖುಷಿ. ಡಾರ್ಜಿಲಿಂಗ್ ಹಳಿಗಳ ನಡುವಿನ ಅಂತರ ಎರಡಡಿ, ಅಂದರೆ 610 ಮಿಲಿಮೀಟರ್. ಮಾದರಿ ರೈಲಿನವರ ಬಳಿ ಬಹಳ ಹಿಂದಿನಿಂದ ಇರುವ ಒಂದು ಹಳಿಯ ಅಂತರ 32 ಮಿಲಿಮೀಟರ್. 610ನ್ನು 32ರಿಂದ ಭಾಗಿಸಿ ನೋಡಿ, 19 ಬರುತ್ತದೆ. ಹಳಿ ಮೊದಲು ಸಿಕ್ಕಿತು, ಎಂಜಿನ್ನನ್ನು ಅದಕ್ಕೆ ತಕ್ಕಂತೆ ಕುಗ್ಗಿಸಿದರು, ಅಷ್ಟೇ. (ಇದೇ ಎರಡಡಿ ಅಂತರದ ಹಳಿ ಒಂದು ಕಾಲದಲ್ಲಿ ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಇತ್ತು. ಈಗ ಆ ಹಳಿಯೂ ಇಲ್ಲ, ರೈಲೂ ಇಲ್ಲ.)

ಹೋದ ವರ್ಷ ನಾನು ಆಫೀಸಿನ ಗೆಳೆಯರ ಜೊತೆ ಡಾರ್ಜಿಲಿಂಗಿಗೆ ಹೊರಟೆ. ಎಲ್ಲರ ಮನೆಯವರೂ ಟೀ ಪುಡಿ ತರಲು ಹೇಳಿದರು. ಮಾವ ಒಂದು ಚೀಟಿ ಕೊಟ್ಟರು. ಅದರಲ್ಲಿ ಹದಿನಾಲ್ಕು ಅಂಶಗಳಿದ್ದವು. ನೀರಿನ ತೊಟ್ಟಿಯ ಮೇಲಿನ ರಿವೆಟ್ ಸಾಲು ಎಷ್ಟು, ಚಿಮಣಿಯ ಮೇಲ್ಭಾಗದ ಬಳೆ ಹೇಗಿದೆ, ಬಲಗಡೆಯ ಪೈಪು ಎಲ್ಲಿ ಬಾಗುತ್ತದೆ, ನಂಬರ್ ಪ್ಲೇಟ್ ಎಲ್ಲಿದೆ, ಹೀಗೆ. "ನನ್ನ ಎಂಜಿನ್ನು ಸರಿಯಾಗಿದೆಯೋ ಇಲ್ವೋ ಅಸಲಿನ ಜೊತೆ ಹೋಲಿಸಿ ನೋಡ್ಬೇಕು. ಎಲ್ಲದರ ಫೋಟೋ ತಗೊಂಡು ಬಾ. ಅಡ್ಡ ಯಾರೂ ಇರಬಾರದು, ಕ್ಲೀನಾಗಿ ಬರ್ಬೇಕು" ಅಂದರು.

ಆ ಕೊನೆಯ ಮಾತನ್ನು ನಾನು ಸ್ವಲ್ಪ ಜಾಸ್ತಿಯೇ ಪಾಲಿಸಿದೆ. ಆ ವಿಷಯ ಆಮೇಲೆ.

*

ಮೊದಲು ಅಸಲಿನ ಕತೆ. ಅದು ಶುರುವಾಗುವುದು ಅಕ್ಕಿಯ ಬೆಲೆಯಿಂದ.

1878ರಲ್ಲಿ ಕಲ್ಕತ್ತಾ ಕಡೆಯ ರೈಲು ಬೆಟ್ಟದ ಬುಡದ ಸಿಲಿಗುರಿಯನ್ನು ಮುಟ್ಟಿತು. ಅಲ್ಲಿಂದ ಡಾರ್ಜಿಲಿಂಗಿಗೆ ಹಿಲ್ ಕಾರ್ಟ್ ರೋಡ್ ಅಂತ ಒಂದು ರಸ್ತೆಯಿತ್ತು. ಎತ್ತಿನ ಗಾಡಿ, ಟಾಂಗಾಗಳಲ್ಲಿ ಹತ್ತಬೇಕು. ಮೇಲಿನಿಂದ ಟೀ ಇಳಿಯಬೇಕು, ಕೆಳಗಿನಿಂದ ಅಕ್ಕಿ ಏರಬೇಕು. ಸಿಲಿಗುರಿಯ ಅಕ್ಕಿ ಡಾರ್ಜಿಲಿಂಗ್ ಮುಟ್ಟುವಷ್ಟರಲ್ಲಿ ಅದರ ಬೆಲೆ ಎರಡು ಪಟ್ಟಿಗೂ ಮೀರುತ್ತಿತ್ತು. ಈಸ್ಟರ್ನ್ ಬೆಂಗಾಲ್ ರೈಲ್ವೆಯ ಏಜೆಂಟ್ ಫ್ರಾಂಕ್ಲಿನ್ ಪ್ರೆಸ್ಟೇಜ್ ಈ ಲೆಕ್ಕವನ್ನೇ ಸರ್ಕಾರದ ಮುಂದಿಟ್ಟ. ರಸ್ತೆ ಹೇಗೂ ಇದೆ, ಅದರ ಅಂಚಿನಲ್ಲೇ ಸಣ್ಣ ಹಳಿ ಹಾಕಿದರೆ ಸಾಕು, ಹೊಸದಾಗಿ ಬೆಟ್ಟ ಕಡಿಯಬೇಕಾಗಿಲ್ಲ ಅನ್ನುವುದು ಅವನ ವಾದ. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಶ್ಲಿ ಈಡನ್ ಒಪ್ಪಿದ. 1879ರಲ್ಲಿ ಕೆಲಸ ಶುರುವಾಯಿತು. 1880ರಲ್ಲಿ ರೈಲು ಕುರ್ಸಿಯಾಂಗ್ ಮುಟ್ಟಿತು, 1881ರ ಜುಲೈನಲ್ಲಿ ಡಾರ್ಜಿಲಿಂಗ್. ಎರಡೇ ವರ್ಷದಲ್ಲಿ! ನಮ್ಮೂರಿನಲ್ಲಿ ಒಂದು ಫ್ಲೈಓವರ್ ಮುಗಿಯಲು ಎಷ್ಟು ವರ್ಷ ಬೇಕು ಅಂತ ನಿಮಗೇ ಗೊತ್ತು.

ಕಂಪನಿಯ ಮೊದಲ ಹೆಸರಿನಲ್ಲಿ 'ರೈಲ್ವೆ' ಅನ್ನುವ ಪದವೂ ಇರಲಿಲ್ಲ. ಡಾರ್ಜಿಲಿಂಗ್ ಸ್ಟೀಮ್ ಟ್ರಾಮ್‌ವೇ ಕಂಪನಿ ಅಂತಿತ್ತು. ರಸ್ತೆ ಬದಿಯಲ್ಲಿ ಓಡುವ ಟ್ರಾಮ್, ಅಷ್ಟೇ ಅವರ ಕಲ್ಪನೆ. ಎರಡಡಿ ಹಳಿಯ ಮೇಲೆ ನಿಜವಾದ ರೈಲು ಓಡಿಸಬಹುದು ಅನ್ನುವ ಧೈರ್ಯ ಬಂದದ್ದು ವೇಲ್ಸ್ ಪ್ರಾಂತ್ಯದ ಫೆಸ್ಟಿನಿಯೋಗ್ ರೈಲ್ವೆಯಿಂದ. ಅಲ್ಲಿ ಕಲ್ಲಿನ ಗಣಿಯಿಂದ ಹಲಗೆಕಲ್ಲು ಸಾಗಿಸುತ್ತಿದ್ದ ಹಳಿಯ ಅಂತರ ಎರಡಡಿಗೂ ಅರ್ಧ ಇಂಚು ಕಮ್ಮಿ. 1870ರಲ್ಲಿ ಅಲ್ಲಿ ನಡೆದ ಪ್ರಯೋಗಗಳನ್ನು ನೋಡಲು ಬೇರೆ ಬೇರೆ ದೇಶಗಳ ಎಂಜಿನಿಯರುಗಳು ಬಂದಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ರಸ್ತೆಯ ಜೊತೆ ಹೋಗುವುದು ಅಂದರೆ ರಸ್ತೆಯ ತಿರುವುಗಳನ್ನೂ ಒಪ್ಪಿಕೊಳ್ಳುವುದು. ಈ ದಾರಿಯಲ್ಲಿ ಒಂದೂ ಸುರಂಗ ಇಲ್ಲ. ಏರು ತೀರಾ ಕಡಿದಾದರೆ ಹಳಿ ತನ್ನ ಸುತ್ತ ತಾನೇ ಒಂದು ಸುತ್ತು ಹಾಕಿ ಮೇಲೆ ಬರುತ್ತದೆ. ಅದಕ್ಕೂ ಜಾಗ ಇಲ್ಲದ ಕಡೆ 'ಝಡ್' ಅಕ್ಷರದ ಹಾಗೆ ರೈಲು ಮುಂದೆ ಹೋಗಿ ನಿಂತು, ಹಿಮ್ಮುಖವಾಗಿ ಹತ್ತಿ, ಮತ್ತೆ ಮುಂದೆ ಹೊರಡುತ್ತದೆ. 'ಅಗನಿ ಪಾಯಿಂಟ್' ಅಂತ ಒಂದು ತಿರುವಿದೆ. ಹೆಸರೇ ಹೇಳುವಂತೆ ಪ್ರಾಣಸಂಕಟದ ಜಾಗ. ಅದರ ತ್ರಿಜ್ಯ ಸುಮಾರು 18 ಮೀಟರ್. ಅಲ್ಲಲ್ಲಿ 23 ಅಡಿ ಮುಂದೆ ಹೋದರೆ ಒಂದಡಿ ಮೇಲೇರುವಷ್ಟು ಕಡಿದು. ಘೂಮ್ ನಿಲ್ದಾಣ ಸಮುದ್ರಮಟ್ಟದಿಂದ 2258 ಮೀಟರ್ ಎತ್ತರದಲ್ಲಿದೆ.

ಇಂಥ ದಾರಿಗೆ ಎಂಥ ಎಂಜಿನ್ ಬೇಕು? ತಿರುಗಲು ಬರುವಷ್ಟು ಗಿಡ್ಡ ಇರಬೇಕು. ಎಳೆಯುವಷ್ಟು ಭಾರವೂ ಇರಬೇಕು. ಆ ಭಾರ ಪೂರ್ತಿ ಎಳೆಯುವ ಚಕ್ರಗಳ ಮೇಲೇ ಬೀಳಬೇಕು. ಈ ಮೂರನ್ನೂ ಸೇರಿಸಿ 1889ರಲ್ಲಿ ಗ್ಲಾಸ್ಗೋದ ಶಾರ್ಪ್ ಸ್ಟೂವರ್ಟ್ ಕಂಪನಿ ಮಾಡಿಕೊಟ್ಟದ್ದೇ ಬಿ ಕ್ಲಾಸ್. ಬರೀ ನಾಲ್ಕು ಚಕ್ರ. ಚಕ್ರದ ವ್ಯಾಸ 26 ಇಂಚು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅಂತರ ಐದೂವರೆ ಅಡಿ, ಅಂದರೆ ನೀವು ಅಡ್ಡ ಮಲಗಿದಷ್ಟು. ಬಾಯ್ಲರಿನ ಬೆನ್ನ ಮೇಲೆ ಕುದುರೆಯ ಜೀನಿನ ಹಾಗೆ ನೀರಿನ ತೊಟ್ಟಿ. ಒಟ್ಟು ತೂಕ ಹದಿನಾಲ್ಕು ಹದಿನೈದು ಟನ್ನಿನ ಸುಮಾರು. ಈ ವಿನ್ಯಾಸ ಎಷ್ಟು ಸರಿಹೋಯಿತು ಅಂದರೆ 1920ರ ದಶಕದವರೆಗೂ ಅದನ್ನೇ ಮಾಡಿಸುತ್ತಾ ಹೋದರು. ಒಟ್ಟು 34 ಎಂಜಿನ್. ಹೆಚ್ಚಿನವು ಗ್ಲಾಸ್ಗೋದವು. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಬಾಲ್ಡ್ವಿನ್ ಕಂಪನಿ ಮೂರನ್ನು ಮಾಡಿತು. ಇನ್ನು ಮೂರು ಇದೇ ಬೆಟ್ಟದ ತಿಂಧಾರಿಯಾ ವರ್ಕ್‌ಶಾಪಿನಲ್ಲಿ ತಯಾರಾದವು.

*

ಈಗ ಭಾಗಾಕಾರ ಮಾಡೋಣ. ಮಾವನ ಟೆರೇಸಿನಲ್ಲಿ ಕೂತು ನಾವಿಬ್ಬರೂ ಇದನ್ನು ಬಹಳ ಸಲ ಮಾಡಿದ್ದೇವೆ.

ಚಕ್ರ 26 ಇಂಚು, ಅಂದರೆ 660 ಮಿಲಿಮೀಟರ್. 19ರಿಂದ ಭಾಗಿಸಿದರೆ 35 ಮಿಲಿಮೀಟರಿಗೆ ತುಸು ಕಮ್ಮಿ. ಮಾವನ ವರ್ನಿಯರ್ ಕ್ಯಾಲಿಪರ್ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸುತ್ತದೆ. ಅಚ್ಚುಗಳ ಅಂತರ ಭಾಗಿಸಿದರೆ ಒಂಬತ್ತು ಸೆಂಟಿಮೀಟರಿನ ಸಮೀಪ. ಅದೂ ಸರಿ. ಅಗನಿ ಪಾಯಿಂಟಿನ ತಿರುವನ್ನು ಭಾಗಿಸಿದರೆ 95 ಸೆಂಟಿಮೀಟರ್. ಮಾವ ತುಳಸಿಕಟ್ಟೆ ಸುತ್ತ ಹಾಕಿರುವ ತಿರುವು ಸರಿಯಾಗಿ ಅಷ್ಟೇ ಇದೆ. ಅತ್ತೆಗೆ ಪ್ರದಕ್ಷಿಣೆ ಹಾಕಲು ಜಾಗ ಇಲ್ಲದಂತಾಗಿದೆ, ಅದು ಬೇರೆ ಮಾತು. ನ್ಯೂ ಜಲ್ಪೈಗುರಿಯಿಂದ ಡಾರ್ಜಿಲಿಂಗಿನವರೆಗಿನ 88 ಕಿಲೋಮೀಟರ್ ದಾರಿಯನ್ನು ಭಾಗಿಸಿದರೆ ನಾಲ್ಕೂವರೆ ಕಿಲೋಮೀಟರ್ ಚಿಲ್ಲರೆ. ಅಂದರೆ ಮಲ್ಲೇಶ್ವರ 18ನೇ ಕ್ರಾಸಿನಿಂದ ಹೆಚ್ಚುಕಡಿಮೆ ಮೆಜೆಸ್ಟಿಕ್. ಘೂಮ್ ಎತ್ತರವನ್ನು ಭಾಗಿಸಿದರೆ ಸುಮಾರು 119 ಮೀಟರ್. ಇವತ್ತಿನ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನ ಎತ್ತರ.

ಉದ್ದದ ಲೆಕ್ಕ ಹೀಗೆ ಸಲೀಸು. ತೂಕಕ್ಕೆ ಬಂದಾಗ ಎಡವಟ್ಟು ಶುರು.

ತೂಕ ಅನ್ನುವುದು ಉದ್ದ, ಅಗಲ, ಎತ್ತರ ಮೂರಕ್ಕೂ ಸೇರಿದ್ದು. ಹಾಗಾಗಿ 19ರಿಂದ ಮೂರು ಸಲ ಭಾಗಿಸಬೇಕು, ಅಂದರೆ 6859ರಿಂದ. ಹದಿನಾಲ್ಕೂವರೆ ಟನ್ನನ್ನು ಹಾಗೆ ಭಾಗಿಸಿದರೆ ಎರಡು ಕೆ.ಜಿ. ಚಿಲ್ಲರೆ ಬರುತ್ತದೆ. ಮಾವನ ಎಂಜಿನ್ನನ್ನು ಅತ್ತೆಯ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ನಾಲ್ಕು ಕೆ.ಜಿ. ದಾಟುತ್ತದೆ. ಎಲ್ಲಿಂದ ಬಂತು ಈ ಎರಡು ಕೆ.ಜಿ.? ಬಾಯ್ಲರಿನಿಂದ. ಅಸಲಿನಲ್ಲಿ ಅರ್ಧ ಇಂಚಿನ ತಗಡಿದ್ದರೆ ಇಲ್ಲಿ ಅದು ಮುಕ್ಕಾಲು ಮಿಲಿಮೀಟರೂ ಇರಬಾರದು. ಅಷ್ಟು ತೆಳುವಿನ ಬಾಯ್ಲರಿನಲ್ಲಿ ನೀರು ಕುದಿಸಲು ಯಾರಿಗೆ ಧೈರ್ಯ? ಹಾಗಾಗಿ ದಪ್ಪ ತಾಮ್ರ ಹಾಕುತ್ತಾರೆ. ಹೊರಗಿನಿಂದ ನೋಡಿದರೆ ಅದೇ ಆಕಾರ, ಒಳಗೆ ಬೇರೆಯೇ ಯಂತ್ರ.

ಒಳಗೆ ಇನ್ನೂ ಏನೇನೋ ಬೇರೆ. ಅಸಲು ಉರಿಸುವುದು ಕಲ್ಲಿದ್ದಲು. ಇದು ಉರಿಸುವುದು ಲೈಟರಿಗೆ ಹಾಕುವ ಬ್ಯುಟೇನ್ ಗ್ಯಾಸು. ಅಸಲಿನ ಬಾಯ್ಲರ್ ಒತ್ತಡ ಚದರ ಇಂಚಿಗೆ 140 ಪೌಂಡ್, ಇದರದ್ದು 40. ಅಷ್ಟು ಕಮ್ಮಿ ಒತ್ತಡದಲ್ಲೂ ಇದು ನೆಟ್ಟಗೆ ನಿಲ್ಲುವುದಿಲ್ಲ. ಯಾಕೆ ಅಂದರೆ, ಪಿಸ್ಟನ್ ಮೇಲೆ ಬೀಳುವ ಬಲ ಪಿಸ್ಟನ್ನಿನ ವಿಸ್ತೀರ್ಣಕ್ಕೆ ಸೇರಿದ್ದು, ಅದನ್ನು 19ರಿಂದ ಎರಡೇ ಸಲ ಭಾಗಿಸಬೇಕು. ತೂಕ ಮೂರು ಸಲ ಭಾಗವಾಗಿ ಹೋಗಿದೆ. ಹಾಗಾಗಿ ಮರಿ ಎಂಜಿನ್ನಿಗೆ ತೂಕಕ್ಕೆ ಮೀರಿದ ಬಲ. ಬೆಟ್ಟದ ಮೇಲಿನ ಅಸಲು ಗಂಟೆಗೆ 15 ಕಿಲೋಮೀಟರಿಗೆ ತಿಣುಕುತ್ತದೆ. ಅದನ್ನು ಭಾಗಿಸಿದರೆ ಮಾದರಿ ಸೆಕೆಂಡಿಗೆ 22 ಸೆಂಟಿಮೀಟರ್ ಹೋಗಬೇಕು. ಆದರೆ ಸ್ವಲ್ಪ ಕೈ ಬಿಟ್ಟರೆ ಸಾಕು, ಟ್ಯೂಶನ್ ಬಿಟ್ಟ ಮಗುವಿನ ಹಾಗೆ ಕಿತ್ತುಕೊಂಡು ಓಡುತ್ತದೆ. ಅಲ್ಲಿನ ಡ್ರೈವರಿಗೆ ಓಡಿಸುವುದು ಕಷ್ಟ, ಇಲ್ಲಿ ಮಾವನಿಗೆ ನಿಲ್ಲಿಸುವುದು ಕಷ್ಟ.

ಕೂಗಿನ ಕತೆಯೂ ಅದೇ. ಶಿಳ್ಳೆಯ ಕೊಳವೆ ಎಷ್ಟು ಗಿಡ್ಡವೋ ದನಿ ಅಷ್ಟು ಕೀರಲು. ಕಣಿವೆಯಲ್ಲಿ ಮೈಲಿಗಟ್ಟಲೆ ಕೇಳುವ ಆ ಕೂಗನ್ನು 19ರಿಂದ ಭಾಗಿಸಿದರೆ ಉಳಿಯುವುದು ಸೊಳ್ಳೆಯ ದನಿ. ನೀರಿಗೆ, ಬೆಂಕಿಗೆ, ಗಾಳಿಗೆ ಯಾರೂ ಸ್ಕೇಲ್ ಹೇಳಿಕೊಟ್ಟಿಲ್ಲ. ಅವು ದೊಡ್ಡ ಎಂಜಿನ್ನಿನಲ್ಲೂ ಸಣ್ಣ ಎಂಜಿನ್ನಿನಲ್ಲೂ ಒಂದೇ ಥರ ನಡೆದುಕೊಳ್ಳುತ್ತವೆ. ಲೋಹವನ್ನು ಮಾತ್ರ ನಾವು ಭಾಗಿಸಬಲ್ಲೆವು.

*

ಡಾರ್ಜಿಲಿಂಗಿನಲ್ಲಿ ಎರಡು ದಿನ ಬೆಳಗ್ಗೆ ಸ್ಟೇಷನ್ನಿಗೆ ಹೋದೆ. ಈಗ ಕೆಳಗಿನಿಂದ ಮೇಲಿನವರೆಗೆ ಬರುವ ರೈಲನ್ನು ಡೀಸೆಲ್ ಎಂಜಿನ್ ಎಳೆಯುತ್ತದೆ. ಆದರೆ ಡಾರ್ಜಿಲಿಂಗ್ ಮತ್ತು ಘೂಮ್ ನಡುವೆ ಪ್ರವಾಸಿಗರಿಗೆಂದು ಓಡುವ ಜಾಯ್‌ರೈಡಿಗೆ ಇನ್ನೂ ಹಳೆಯ ಬಿ ಕ್ಲಾಸ್ ಎಂಜಿನ್ ಇದೆ. ನೀಲಿ ಬಣ್ಣ, ಎಣ್ಣೆ ಜಿಡ್ಡು, ಕಲ್ಲಿದ್ದಲ ವಾಸನೆ. ಚಳಿಯಲ್ಲಿ ಉಗಿ ಎಷ್ಟು ದಟ್ಟವಾಗಿತ್ತೆಂದರೆ ಎಂಜಿನ್ ಒಮ್ಮೊಮ್ಮೆ ಕಾಣುತ್ತಲೇ ಇರಲಿಲ್ಲ.

ಚೀಟಿ ಹಿಡಿದುಕೊಂಡು ಫೋಟೋ ತೆಗೆದೆ. ಮೊದಲ ದಿನ ಒಂದು ಎಂಜಿನ್, ಎರಡನೇ ದಿನ ಮತ್ತೊಂದು. ಒಟ್ಟು 140 ಫೋಟೋ. ಊರಿಗೆ ಬಂದ ಭಾನುವಾರವೇ ಮಾವ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಹಾಕಿಕೊಂಡು ಕೂತರು. ಪಕ್ಕದಲ್ಲಿ ಮಾದರಿ. ಹತ್ತು ನಿಮಿಷದಲ್ಲಿ ಮುಖ ಸಣ್ಣದಾಯಿತು.

"ನೋಡೋ, ನನ್ನದರಲ್ಲಿ ಈ ಪೈಪು ತೊಟ್ಟಿಯ ಕೆಳಗೆ ಹೋಗುತ್ತೆ. ಅಸಲಿನಲ್ಲಿ ಮೇಲಿದೆ. ತಪ್ಪು ಮಾಡಿದ್ದಾರೆ."

ನಾನು ಎರಡನೇ ದಿನದ ಫೋಟೋ ತೆರೆದೆ. ಅದರಲ್ಲಿ ಪೈಪು ಮೂರನೇ ಥರ ಇತ್ತು. ತೊಟ್ಟಿಯ ಅಂಚೂ ಬೇರೆ, ರಿವೆಟ್ ಸಾಲೂ ಬೇರೆ. ಒಂದರಲ್ಲಿ ರಿವೆಟ್ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ವೆಲ್ಡಿಂಗ್ ಮಾಡಿದ ಗುರುತಿತ್ತು.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫಿಟ್ಟರನ ಬುದ್ಧಿ ಜಾಗೃತವಾಯಿತು. "ಅಲ್ವೋ, ನೂರು ವರ್ಷ ಓಡಿದ ಮೇಲೆ ಹೀಗಾಗದೇ ಇನ್ನು ಹೇಗಾಗುತ್ತೆ!" ಅಂದರು.

ಸ್ಟೀಮ್ ಎಂಜಿನ್ನಿನ ಆಯಸ್ಸು ಹಾಗೆಯೇ. ಬಾಯ್ಲರ್ ಸವೆಯುತ್ತದೆ, ಹೊಸದು ಬರುತ್ತದೆ. ಚಕ್ರದ ಪಟ್ಟಿ ತೇಯುತ್ತದೆ, ಬದಲಾಗುತ್ತದೆ. ವರ್ಕ್‌ಶಾಪಿಗೆ ಬಂದ ಒಂದು ಎಂಜಿನ್ನಿನ ಭಾಗ ಇನ್ನೊಂದಕ್ಕೆ ಹೋಗುತ್ತದೆ. ಗ್ಲಾಸ್ಗೋದಿಂದ ಬಂದ ನಕ್ಷೆ ಒಂದೇ ಆಗಿರಬಹುದು, ಆದರೆ ರಿಪೇರಿ ಮಾಡಿದ ಕೈಗಳು ಸಾವಿರಾರು. ಯಾವುದೋ ಮಳೆಗಾಲದಲ್ಲಿ ಯಾರೋ ಒಬ್ಬರು ಪೈಪನ್ನು ಮೇಲಿಂದ ಹಾಯಿಸಿದ್ದಾರೆ, ಯಾಕೆಂದರೆ ಅವತ್ತು ಹಾಗೆ ಮಾಡಿದ್ದರೆ ಮಾತ್ರ ಮರುದಿನ ರೈಲು ಹೊರಡುತ್ತಿತ್ತು. ನಮ್ಮ ಅಜ್ಜಿಯರ ಮನೆಗಳ ಹಾಗೆ. ಹೆಂಚು ಬದಲಾಗಿದೆ, ನೆಲ ಬದಲಾಗಿದೆ, ಬಾಗಿಲೂ ಬದಲಾಗಿದೆ, ಆದರೂ ಮನೆ ಅದೇ.

ಹಾಗಾದರೆ ಮಾವನ ಮಾದರಿ ಯಾವುದರ ನಕಲು? ಯಾವುದೋ ಒಂದು ಎಂಜಿನ್ನಿನ ಯಾವುದೋ ಒಂದು ಕಾಲದ ನಕಲು. ಮಾದರಿ ಆ ಒಂದು ದಿನವನ್ನು ಹಿಡಿದು ನಿಂತಿದೆ. ಅಸಲು ಮುಂದೆ ಹೋಗಿಬಿಟ್ಟಿದೆ. ತಮಾಷೆ ಅಂದರೆ, 'ಮೂಲ ರೂಪ' ಅಂತ ನಾವು ಕರೆಯುವುದು ಇವತ್ತು ಮಾದರಿಯಲ್ಲಿ ಅಸಲಿಗಿಂತ ಜಾಸ್ತಿ ಉಳಿದಿರಬಹುದು.

ಇದಕ್ಕೆ ಎರಡು ಅಣ್ಣತಮ್ಮಂದಿರ ಉದಾಹರಣೆ ಕೊಡುತ್ತೇನೆ. ಇಬ್ಬರ ನಂಬರುಗಳೂ ಅಕ್ಕಪಕ್ಕದವು, 777 ಮತ್ತು 778. ಇಬ್ಬರೂ 1889ರಲ್ಲಿ ಹುಟ್ಟಿದವರು. 777 ಈಗ ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿನಲ್ಲಿದೆ. ಬೆಂಕಿಯಿಲ್ಲ, ನೀರಿಲ್ಲ, ಮಕ್ಕಳು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. 778ರದು ಬೇರೆ ಹಣೆಬರಹ. ಕಂಪನಿಯ ಕಾಲದಲ್ಲಿ ಅದರ ನಂಬರ್ 19. ಹೌದು, ನಮ್ಮ ಭಾಗಾಕಾರದ ಅದೇ ಹತ್ತೊಂಬತ್ತು. 1962ರಲ್ಲಿ ಎಲಿಯಟ್ ಡಾನ್ನೆಲಿ ಅನ್ನುವ ಅಮೆರಿಕನ್ ಶ್ರೀಮಂತ ಅದನ್ನು ಕೊಂಡುಕೊಂಡ. ಎಂಜಿನ್ ಅಮೆರಿಕ ಸೇರಿ, ಇಂಡಿಯಾನಾ ರಾಜ್ಯದ ಹೆಸ್ಟನ್ ಮ್ಯೂಸಿಯಂ ಮುಟ್ಟಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಏಡ್ರಿಯನ್ ಶೂಟರ್ ಅದನ್ನು ಕೊಂಡು ತಂದರು. ಅವರು ಚಿಲ್ಟರ್ನ್ ರೈಲ್ವೇಸ್ ಕಂಪನಿಯ ಮುಖ್ಯಸ್ಥರಾಗಿದ್ದವರು. ಆಕ್ಸ್‌ಫರ್ಡ್‌ಶೈರಿನ ತಮ್ಮ ಮನೆಯ ತೋಟದಲ್ಲಿ ಹಳಿ ಹಾಕಿಸಿ ಅದನ್ನು ಓಡಿಸಿದರು. ಡಾರ್ಜಿಲಿಂಗ್ ಮಾದರಿಯ ಬೋಗಿಗಳನ್ನು ಮಾಡಿಸಿದ್ದು ಎಲ್ಲಿ ಗೊತ್ತೇ? ಫೆಸ್ಟಿನಿಯೋಗ್ ರೈಲ್ವೆಯ ವರ್ಕ್‌ಶಾಪಿನಲ್ಲಿ. ಎಂಜಿನ್ನು ಫೆಸ್ಟಿನಿಯೋಗ್ ಹಳಿಯ ಮೇಲೆ ಓಡಿದ್ದೂ ಉಂಟು. ಎರಡಡಿ ಹಳಿಯ ಪಾಠ ಕಲಿಸಿದ ಗುರುವಿನ ಮನೆಗೆ ನೂರಕ್ಕೂ ಹೆಚ್ಚು ವರ್ಷ ತಡವಾಗಿ ಶಿಷ್ಯ ಬಂದ ಹಾಗಾಯಿತು.

ತೋಟದಲ್ಲಿ ಓಡುತ್ತಿದ್ದ 778 ಅಸಲೋ ಮಾದರಿಯೋ? ಕಬ್ಬಿಣ ಅದೇ, ಬೆಂಕಿ ಅದೇ. ಆದರೆ ಅದು ಹತ್ತಬೇಕಾದ ಬೆಟ್ಟ ಅಲ್ಲಿರಲಿಲ್ಲ, ಹೊರಬೇಕಾದ ಅಕ್ಕಿಯೂ ಇರಲಿಲ್ಲ. ಒಂದು ರೀತಿಯಲ್ಲಿ ಅದು 1:1 ಅಳತೆಯ ಮಾದರಿ. ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಡಾರ್ಜಿಲಿಂಗಿಗೆಂದೇ ಹಳೆಯ ವಿನ್ಯಾಸದ ಹೊಸ ಎಂಜಿನ್ನುಗಳನ್ನೂ ಮಾಡಿದರು, ಕಲ್ಲಿದ್ದಲ ಬದಲು ಎಣ್ಣೆ ಉರಿಸುವಂತೆ. ಅವು ಹೊಸ ಕಬ್ಬಿಣದ ಹಳೆಯ ಎಂಜಿನ್. ಅಸಲು ಯಾವುದು ಅನ್ನುವ ಪ್ರಶ್ನೆಗೆ ಕಬ್ಬಿಣದಲ್ಲಿ ಉತ್ತರ ಹುಡುಕಿದರೆ ಹೀಗೆ ಸುತ್ತು ಹಾಕುತ್ತಲೇ ಇರಬೇಕಾಗುತ್ತದೆ.

*

ಉತ್ತರ ಸಿಕ್ಕಿದ್ದು, ಅಥವಾ ಹಾಗಂತ ನನಗೆ ಅನ್ನಿಸಿದ್ದು, ಒಂದು ಜಡಿಮಳೆಯ ಸಂಜೆ.

ಜೂನ್ ತಿಂಗಳು. ಸಣ್ಣಗೆ ಹನಿಯುತ್ತಿತ್ತು. ಮಾವ ಹಟ ಹಿಡಿದು ಎಂಜಿನ್ ಹೊತ್ತಿಸಿದರು. ಟೆರೇಸಿನ ನೀರು ಹರಿದು ಹೋಗಲೆಂದು ಇಳಿಜಾರು ಮಾಡಿರುತ್ತಾರಲ್ಲ, ಅದೇ ನಮ್ಮ ಘಾಟಿ. ನಾಲ್ಕು ಬೋಗಿ ಹಾಕಿದ್ದೆವು. ಏರಿನ ಹತ್ತಿರ ಬಂದ ಎಂಜಿನ್ ಅಲ್ಲೇ ನಿಂತು ಚಕ್ರ ಗಿರಗಿರ ತಿರುಗಿಸತೊಡಗಿತು. ಹಳಿ ಒದ್ದೆ, ಮೇಲೆ ಎಂಜಿನ್ನೇ ಉಗುಳಿದ ಎಣ್ಣೆ ಜಿಡ್ಡು. ತೂಕಕ್ಕೆ ಮೀರಿದ ಬಲ ಅಂದೆನಲ್ಲ, ಅದು ಈಗ ಉಪಯೋಗಕ್ಕೆ ಬರಲಿಲ್ಲ. ಹಿಡಿತವೇ ಇಲ್ಲದ ಮೇಲೆ ಬಲ ಕಟ್ಟಿಕೊಂಡು ಏನು ಮಾಡುವುದು?

ಡಾರ್ಜಿಲಿಂಗಿನಲ್ಲಿ ಇದು ದಿನನಿತ್ಯದ ಕತೆ. ಮಂಜು, ಮಳೆ, ಕಡಿದಾದ ಏರು, ಬರೀ ನಾಲ್ಕು ಚಕ್ರ. ಅದಕ್ಕೇ ಅಲ್ಲಿ ಎಂಜಿನ್ನಿನ ಮುಂದಿನ ಅಡ್ಡಪಟ್ಟಿಯ ಮೇಲೆ ಇಬ್ಬರು ಕೂರುತ್ತಾರೆ, ಎಡಕ್ಕೊಬ್ಬ, ಬಲಕ್ಕೊಬ್ಬ. ಅವರ ಕೆಲಸ ಹಳಿಯ ಮೇಲೆ ಕೈಯಿಂದ ಮರಳು ಉದುರಿಸುವುದು. ಚಕ್ರ ಜಾರುತ್ತಿದೆ ಅನ್ನುವುದು ಮೈಗೆ ಗೊತ್ತಾದ ಕೂಡಲೇ ಒಂದು ಹಿಡಿ. ಜಾಸ್ತಿ ಹಾಕಿದರೆ ಹಿಂದಿನ ಬೋಗಿಗಳು ಹಿಡಿದುಕೊಳ್ಳುತ್ತವೆ, ಕಮ್ಮಿ ಹಾಕಿದರೆ ರೈಲು ನಿಲ್ಲುತ್ತದೆ. ಕ್ಯಾಬಿನ ಮುಂದೆ, ಬಾಯ್ಲರಿನ ಮೇಲಿರುವ ಕಲ್ಲಿದ್ದಲ ಪೆಟ್ಟಿಗೆಯಲ್ಲಿ ಇನ್ನೊಬ್ಬ ಕೂತಿರುತ್ತಾನೆ. ದೊಡ್ಡ ಹೆಂಟೆಗಳನ್ನು ಸುತ್ತಿಗೆಯಿಂದ ಒಡೆದು ಒಳಗೆ ಕೊಡುವುದು ಅವನ ಕೆಲಸ. ಒಳಗೆ ಡ್ರೈವರ್, ಫೈರ್‌ಮನ್. ಇಷ್ಟು ಪುಟ್ಟ ಎಂಜಿನ್ನಿಗೆ ಐದು ಜನ! 1889ರ ಎಂಜಿನಿಯರ್ ಉಕ್ಕಿನಲ್ಲಿ ಬಗೆಹರಿಸಲು ಆಗದ್ದನ್ನು ಮನುಷ್ಯರಿಗೆ ಬಿಟ್ಟ. ಅವತ್ತು ಕಬ್ಬಿಣ ತುಟ್ಟಿ, ಆಳು ಅಗ್ಗ. ಬೆಟ್ಟದ ಹಳ್ಳಿಗಳ ಜನ ಸಿಗುತ್ತಿದ್ದರು. ಆ ಲೆಕ್ಕ ಇವತ್ತಿನವರೆಗೂ ನಡೆದು ಬಂದಿದೆ.

ಮಾವ ಕೆಳಗೆ ಹೋಗಿ ರಂಗೋಲಿ ಡಬ್ಬಿ ತಂದರು. ಬಗ್ಗಿ ಕೂತು, ಎಂಜಿನ್ನಿನ ಮುಂದೆ ಚಿಟಿಕೆ ಚಿಟಿಕೆ ಪುಡಿ ಉದುರಿಸಿದರು. ಚಕ್ರ ಹಿಡಿಯಿತು, ಒಂದಡಿ ಮೇಲೇರಿತು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಎಂಜಿನ್ ಕುಪ್ಪಳಿಸಿ ಹಳಿ ತಪ್ಪಿ ಮಗುಚಿಕೊಂಡಿತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ರಂಗೋಲಿ ಪುಡಿಯ ಒಂದು ಒರಟು ಕಣ ಅರ್ಧ ಮಿಲಿಮೀಟರ್ ಅಂದುಕೊಳ್ಳಿ. ಅದನ್ನು ತಿರುಗಿಸಿ 19ರಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅಂದರೆ ಆ ಮರಿ ಎಂಜಿನ್ನಿನ ಮಟ್ಟಿಗೆ ನಾವು ಹಳಿಯ ಮೇಲೆ ಜಲ್ಲಿಕಲ್ಲು ಸುರಿದಿದ್ದೆವು. ಮರಳಿಗೂ ಸ್ಕೇಲ್ ಇಲ್ಲ. ಮರಳು ಹಾಕುವ ಕೈಗೂ ಇಲ್ಲ. ಈ ಎಂಜಿನ್ನಿನ ಅತಿ ಮುಖ್ಯವಾದ ಭಾಗ ನಕ್ಷೆಯಲ್ಲೂ ಇರಲಿಲ್ಲ, ಮಾದರಿಯಲ್ಲೂ ಬಂದಿರಲಿಲ್ಲ.

ಎಂಜಿನ್ ಒರೆಸಿ ಒಳಗಿಟ್ಟ ಮೇಲೆ ಮಾವ ಕಾಫಿ ಲೋಟ ಹಿಡಿದುಕೊಂಡು ಕೇಳಿದರು. "ನೀನು ತಂದ ಫೋಟೋಗಳಲ್ಲಿ ಅವರಿದ್ದಾರಲ್ಲ, ಆ ಮರಳು ಹಾಕೋರು? ಹೇಗೆ ಕೂರ್ತಾರೆ ತೋರಿಸು. ಎಂ-ಸೀಲಿನಲ್ಲಿ ಇಬ್ಬರನ್ನ ಮಾಡಿ ಕೂರಿಸೋಣ. ಓಡೋದಕ್ಕೆ ಉಪಯೋಗ ಇಲ್ಲದಿದ್ರೆ ಬೇಡ, ಅವರಿಲ್ಲದೆ ಎಂಜಿನ್ ಅರ್ಧ ಕಾಣುತ್ತೆ."

ಲ್ಯಾಪ್‌ಟಾಪ್ ತೆರೆದೆ. 140 ಫೋಟೋ ತಿರುವಿ ಹಾಕಿದೆ. ರಿವೆಟ್ ಇತ್ತು, ಪೈಪ್ ಇತ್ತು, ನಂಬರ್ ಪ್ಲೇಟ್ ಆರು ಕೋನದಿಂದ ಇತ್ತು. ಆ ಇಬ್ಬರು ಒಂದರಲ್ಲೂ ಇರಲಿಲ್ಲ. ಆಗ ನೆನಪಾಯಿತು. ಎರಡನೇ ದಿನ ಬೆಳಗ್ಗೆ ಒಬ್ಬಾತ ಎಂಜಿನ್ನಿನ ಮುಂದೆ ಕೂತು, ಮಡಿಲಲ್ಲಿ ಮರಳಿನ ಡಬ್ಬಿ ಇಟ್ಟುಕೊಂಡು ಬೀಡಿ ಸೇದುತ್ತಿದ್ದ. ವಯಸ್ಸಾದವನು, ತಲೆಗೆ ಮಫ್ಲರ್. ನಾನು ಕ್ಯಾಮೆರಾ ತೋರಿಸಿ, ಸ್ವಲ್ಪ ಸರಿಯಿರಿ ಅಂತ ಕೈಸನ್ನೆ ಮಾಡಿದ್ದೆ. ಆತ ನಕ್ಕು, ಇಳಿದು, ಕಂಬದ ಹಿಂದೆ ಹೋಗಿ ನಿಂತಿದ್ದ. ನನ್ನ ಫೋಟೋ ಕ್ಲೀನಾಗಿ ಬಂದಿತ್ತು.

ಮಾವನಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ನಾನೇ ಹೇಳಿದ್ದೆನಲ್ಲ, ಅಡ್ಡ ಯಾರೂ ಇರಬಾರದು ಅಂತ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೆಸರಾದ್ರೂ ಕೇಳಿದ್ಯಾ?" ಅಂದರು.

ಕೇಳಿರಲಿಲ್ಲ. ಎಂಜಿನ್ನಿನ ನಂಬರ್ ಬರೆದುಕೊಂಡಿದ್ದೆ.